ಅತ್ತೆಯ ರೊಟ್ಟಿಗಂಟಿನಲ್ಲಿ ಹೋದ ಮಾಸ್ಕ್

ರಾಮಮೂರ್ತಿ ನಗರ, ಬೆಂಗಳೂರು
೯ ಫೆಬ್ರವರಿ ೨೦೨೫

ಪ್ರೀತಿಯ ಅತ್ತೆಯವರಿಗೆ,

ಜಟ್ಟೆಮ್ಮ ಮಾಡುವ ಶರಣಾರ್ಥಿಗಳು. ಇತ್ತ ನಾವು ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಕಾಗದ ತಡವಾಯಿತು. ಫೋನಿನಲ್ಲಿ ಹೇಳೋಣವೆಂದರೆ ಮಾಸ್ಕಿನ ಮಾತು ಬಂದ ಕೂಡಲೇ ನೀವು "ಎಮ್ಮಿ ಹಗ್ಗ ಹರ್ಕೊಂಡೈತಿ" ಎಂದು ಇಟ್ಟುಬಿಡುತ್ತೀರಿ. ಆ ಎಮ್ಮೆಗೆ ಎಷ್ಟು ಹಗ್ಗಗಳೋ. ಕನ್ನಡಕ ಹಾಕಿಕೊಂಡು ನೀವೇ ಓದಿ, ನಾದಿನಿ ಗಂಗಾಳಿಂದ ಓದಿಸಬೇಡಿ.

ನಿಮ್ಮ ಮಗ ಇನ್ನೂ ಮನೆಯಲ್ಲೇ ಕೂತಿದ್ದಾರೆ. ದೊಮ್ಮಲೂರು ಸಿಗ್ನಲ್‌ನಲ್ಲಿ ಸ್ಕೂಲ್ ವ್ಯಾನಿನ ಸ್ಟೇರಿಂಗ್ ಮೇಲೆ ತಲೆಯಿಟ್ಟು ಮಲಗಿದ ದಿನ ಮಾಲೀಕರು ಕಿತ್ತುಕೊಂಡ ಕೀಲಿ ಅವರ ಹತ್ತಿರವೇ ಇದೆ. ಮಕ್ಕಳು ತುಂಬಿದ ಗಾಡಿ ಅತ್ತೆ. "ಡಾಕ್ಟ್ರು ಬರ್ಕೊಟ್ರೆ ಕೀ ಕೊಡ್ತೀನಿ" ಎನ್ನುತ್ತಾರೆ.

ಶಿವಾಜಿನಗರದ ಡಾಕ್ಟರು ನಿದ್ದೆಯ ಪರೀಕ್ಷೆ ಮಾಡಿ ಹೇಳಿದ್ದನ್ನು ನಿಮಗೂ ಹೇಳಿದ್ದೆ. ಮಲಗಿದಾಗ ಇವರ ಗಂಟಲು ಒಳಗೇ ಕುಸಿದು ಮುಚ್ಚಿಕೊಳ್ಳುತ್ತದೆ. ಉಸಿರು ನಿಲ್ಲುತ್ತದೆ, ಜೀವ ಹೌಹಾರಿ ಎಚ್ಚರಿಸುತ್ತದೆ, ಮತ್ತೆ ಗೊರಕೆ. ಬೆಳತನಕ ಇದೇ. "ರಾತ್ರಿಯೆಲ್ಲ ಮಲಗಿರ್ತಾರಮ್ಮ, ನಿದ್ದೆ ಮಾತ್ರ ಮಾಡಿರಲ್ಲ" ಎಂದರು. ಬೆಳಗಿನ ತಲೆನೋವು, ಹಗಲಿನ ತೂಕಡಿಕೆ, ಸಿಡುಕು ಎಲ್ಲ ಅದರದೇ ಮರಿಗಳಂತೆ. ಮಲಗುವಾಗ ಮೂಗಿಗೆ ಮಾಸ್ಕ್ ಕಟ್ಟಿದರೆ ಅದರ ಕೊಳವೆಗೆ ಜೋಡಿಸಿದ ಮಿಷನ್ನು ಗಾಳಿ ಒತ್ತಿ ಗಂಟಲು ತೆರೆದಿಡುತ್ತದೆ. ನೀವು ಬರುವ ಮುಂಚೆ ಒಂದು ವಾರ ಕಟ್ಟಿಕೊಂಡಿದ್ದರು ಕೂಡ. ಬೆಳಿಗ್ಗೆ ಹಾಡು ಗುನುಗುತ್ತ ಎದ್ದರು. ಗೊರಕೆ ಕೇಳಿಸದೆ ಕೆಳಮನೆಯ ಹಬೀಬಣ್ಣ, "ಏನ್ ಬಸಣ್ಣ, ಬೋರ್‌ವೆಲ್ ಲಾರಿ ಖಾಲಿ ಮಾಡ್ತಾ?" ಎಂದು ಕಿಚಾಯಿಸಿದ.

ಆಮೇಲೆ ನೀವು ಬಂದಿರಿ. "ಮಲಗಿದಾಂವನ ಮಾರಿ ಮುಚ್ಚತಾರೇನ? ಮುಚ್ಚೋದು ಹೆಣದ ಮಾರಿ" ಎಂದು ಬಿಚ್ಚಿದಿರಿ. ನಾನು ಕಟ್ಟುವುದು, ನೀವು ಬಿಚ್ಚುವುದು. "ಗೊರಕಿ ಅಂದ್ರ ಹೊಟ್ಟಿ ತುಂಬೈತಿ ಅಂತ. ನಿಮ್ಮ ಮಾವನ ಗೊರಕಿಗೆ ಓಣಿ ನಾಯಿ ಸುಮ್ಮನಾಗತಿದ್ದವು" ಎಂದಿರಿ. ನಾನೂ ನಕ್ಕೆ. ಊರಿಗೆ ಹೊರಟಾಗ ರೊಟ್ಟಿಗಂಟಿನೊಳಗೆ ಮಾಸ್ಕ್ ಒಯ್ದು, ಮಿಷನ್ನು ಬಿಟ್ಟುಹೋದಿರಿ. ಕಡಗೋಲು ಒಯ್ದು ಮಜ್ಜಿಗೆ ಕಡಿ ಎಂದಂತಾಯಿತು.

ಬೇರೆ ಮಾಸ್ಕ್ ತಂದೆ. ಇವರು ಗೋಡೆಗೆ ಮುಖ ತಿರುಗಿಸಿ, "ನಮ್ಮವ್ವ ಬಿಚ್ಚಿದ್ದನ್ನ ನಾ ಕಟ್ಕೊಳ್ಳಂಗಿಲ್ಲ" ಎನ್ನುತ್ತಾರೆ. ಮೀಸೆ ಹಣ್ಣಾದ ಗಂಡಸಿಗೆ ಇನ್ನೇನು ಹೇಳಲಿ? ಹೇಳಿ ಹೇಳಿ ನನ್ನ ಗಂಟಲೂ ಕುಸಿದಿದೆ. ನೀವೇ ಬಂದು ನಿಮ್ಮ ಕೈಯಾರೆ ಕಟ್ಟಬೇಕು.

ಸಿಟ್ಟಿನಲ್ಲಿ ಬರೆದದ್ದನ್ನು ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಆಶೀರ್ವಾದ ಇವರ ತಲೆಯ ಮೇಲಿರಲಿ.

ನಿಮ್ಮ ಸೊಸೆ,
ಜಟ್ಟೆಮ್ಮ

ತಾ.ಕ.: "ಇವರ ತಂದೆ ಹೇಗೆ ತೀರ್ಕೊಂಡ್ರು?" ಎಂದು ಡಾಕ್ಟರು ಕೇಳಿದರು. ನಿದ್ದೆಯಲ್ಲೇ, ಪುಣ್ಯವಂತರ ಸಾವು ಎಂದೆ. ಊರೆಲ್ಲ ಅನ್ನುವುದು ಅದನ್ನೇ ತಾನೆ. ಅವರು ಪೆನ್ನು ಕೆಳಗಿಟ್ಟು, "ಅವರಿಗೂ ಗೊರಕೆ ಇತ್ತಾ?" ಎಂದರು. ಮಾವ ಹೋದ ರಾತ್ರಿಯ ಬಗ್ಗೆ ನೀವು ನನಗೊಬ್ಬಳಿಗೇ ಹೇಳಿದ್ದು ನೆನಪಾಯಿತು: "ಗೊರಕಿ ನಿಂತಿತ್ತವ್ವ. ಇವತ್ತರ ಚಂದ ನಿದ್ದಿ ಹತ್ತೈತಿ ಅಂತ ಎಬ್ಬಿಸಲಿಲ್ಲ." ಇದನ್ನು ನಿಮ್ಮ ಮಗನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಇವರ ಗೊರಕೆ ನಿಂತಾಗೆಲ್ಲ ಎದ್ದು ಮೂಗಿನ ಹತ್ತಿರ ಕೈ ಹಿಡಿಯುತ್ತೇನೆ. ನಿಮ್ಮದು ತಪ್ಪಲ್ಲ ಅತ್ತೆ. ನಿಮಗೆ ಯಾರೂ ಹೇಳಿರಲಿಲ್ಲ. ನನಗೆ ಹೇಳಿದ್ದಾರೆ.