ಅಂಗಳಕ್ಕೊಂದು ಅಳತೆ

ಮಾರ್ಚ್ ೧೨, ಭಾನುವಾರ

ಪ್ರೀತಿಯ ಪೈಪು ಮಹಾರಾಣಿಗೆ,

ಹೇಗಿದ್ದೀಯ? ಊಟ ತಿಂಡಿ ಹೊತ್ತಿಗೆ ಸರಿಯಾಗಿ ಮಾಡುತ್ತೀಯೋ, ಇಲ್ಲ ಈಗಲೂ ನಿಂತುಕೊಂಡೇ ಎರಡು ತುತ್ತು ನುಂಗಿ ಓಡುತ್ತೀಯೋ? ಇಷ್ಟು ದಿನ ಬರೆಯಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಚಳಿಗಾಲದಲ್ಲಿ ನನ್ನ ಮಂಡಿ ಆಪರೇಷನ್ ಆಯಿತು. ನಿನಗೆ ತಿಳಿಸಿ ಗಾಬರಿ ಮಾಡುವುದು ಬೇಡವೆಂದು ಸುಮ್ಮನಿದ್ದೆ. ಈಗ ಕೋಲು ಹಿಡಿದು ನಡೆಯುತ್ತೇನೆ, ಕೋಲಿಲ್ಲದೆ ಬಯ್ಯುತ್ತೇನೆ. ಎರಡೂ ಚೆನ್ನಾಗಿ ಸಾಗಿವೆ.

ಮೆಟ್ಟಿಲು ಹತ್ತಲಾರದೆ ಹಳೆಯ ಮನೆ ಬಿಟ್ಟೆವು. ಈಗಿನದು ನೆಲಮಟ್ಟದ ಮನೆ, ಎರಡು ಕೋಣೆ, ಮುಂದೆ ಒಂದಿಷ್ಟು ಅಂಗಳ. ಅಂಗಳ ಅನ್ನುವುದು ನನ್ನ ಧಾರಾಳತನ. ಇಟ್ಟಿಗೆ ಚೂರು, ಒಣಗಿದ ಗಾರೆ, ಯಾರದೋ ಹರಿದ ಚಪ್ಪಲಿ. ನನ್ನ ಮಗ ಫೋನಿನಲ್ಲಿ, "ಅಮ್ಮ, ಸಿಮೆಂಟ್ ಹಾಕ್ಸಿಬಿಡಿ, ತಲೆನೋವೇ ಇರಲ್ಲ" ಅಂದ. "ತಲೆನೋವು ಅಂತ ಯಾರಾದ್ರೂ ತಲೆ ತೆಗೆಸ್ತಾರೇನೋ?" ಅಂದೆ. ನೀವಿಬ್ಬರೂ ಬೇರೆಯಾದ ಮೇಲೆ ಅವನು ಎಲ್ಲದಕ್ಕೂ ಹೀಗೆಯೇ. ಮುಚ್ಚಿಬಿಡೋಣ ಅನ್ನುತ್ತಾನೆ. ಇರಲಿ, ಅವನ ವಿಷಯ ಬರೆದು ನಿನ್ನ ಮನಸ್ಸು ಕೆಡಿಸುವುದಿಲ್ಲ.

ನಿನ್ನ ಮಾವ ಸುಮ್ಮನಿರುತ್ತಾರೆಯೇ? ಟೈಲರ್ ಅಂಗಡಿ ಮುಚ್ಚಿದರೂ ಟೇಪು ಇನ್ನೂ ಕುತ್ತಿಗೆಯಲ್ಲೇ ಇದೆ. ಅಂಗಳಕ್ಕೆ ಅಂಗಿ ಹೊಲಿಯುವವರ ಹಾಗೆ ಉದ್ದ, ಅಗಲ ಎಲ್ಲ ಅಳೆದರು. ಬೆಳಿಗ್ಗೆ ಬಿಸಿಲು ಎಲ್ಲಿ ಬೀಳುತ್ತದೆ, ಮಧ್ಯಾಹ್ನ ಎಲ್ಲಿ ಸುಡುತ್ತದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಆಮೇಲೆ ಇಬ್ಬರೂ ಆಟೋದಲ್ಲಿ ನರ್ಸರಿಗೆ ಹೋದೆವು.

ನರ್ಸರಿಯಾಕೆ ಮಾತಿನ ಮಲ್ಲಿ. "ಏನು ಗಿಡ ಬೇಕು?" ಅನ್ನಲಿಲ್ಲ. ನನ್ನ ಕೋಲು ನೋಡಿ, "ನೀರು ಹಾಕೋರು ಯಾರು?" ಅಂದಳು. ನಾನು ಇವರನ್ನು ತೋರಿಸಿದೆ. ಇವರು ಆಕಾಶ ತೋರಿಸಿದರು. "ಹಾಗಾದ್ರೆ ಮುದ್ದಿನ ಗಿಡ ಬೇಡ, ಮೊಂಡು ಗಿಡ ಕೊಡ್ತೀನಿ" ಎಂದು ನಕ್ಕಳು. ಬೇಸಿಗೆಯ ಉರಿ, ಮಳೆಗಾಲದ ಕೊಳೆ, ಚಳಿಯಲ್ಲಿ ನಾಲ್ಕು ದಿನ ಎಲೆ ಸುಡುವ ಮಂಜು, ಮೂರನ್ನೂ ತಡೆಯಬೇಕಲ್ಲ. ಗೇಟಿನ ಪಕ್ಕದ ಬಿಸಿಲಿಗೆ ಕಾಗದದ ಹೂವಿನ ಬಳ್ಳಿ. ನೀರು ಜಾಸ್ತಿಯಾದರೆ ಬರೀ ಎಲೆ ಬಿಡುತ್ತದಂತೆ, ಮರೆತರೆ ಹೂ ಬಿಡುತ್ತದಂತೆ. ಗೋಡೆಯುದ್ದಕ್ಕೂ ಕೆಂಪು ದಾಸವಾಳ, ಅದರ ಬುಡದಲ್ಲಿ ನಿತ್ಯಪುಷ್ಪ. ಕಲ್ಲು ಹೆಚ್ಚಿರುವ ಮೂಲೆಗೆ ಲೋಳೆಸರ. ನೆರಳಿರುವ ಕಡೆ, ಹೆಡೆ ಎತ್ತಿದ ಹಾವಿನ ಹಾಗೆ ನೆಟ್ಟಗೆ ನಿಲ್ಲುವ ಪಟ್ಟೆ ಎಲೆಯ ಗಿಡ. ಕೊನೆಗೆ ಒಂದು ದೇವಕಣಗಿಲೆ, ಅದಕ್ಕೆ ಚಳಿಯಲ್ಲಿ ಎಲೆ ಉದುರಿದರೂ ಹೆದರಬಾರದಂತೆ.

ನಿನ್ನ ಮಾವ ಕಾಣಲಿಲ್ಲ. ಹುಡುಕಿದರೆ, ಹಿಂದಿನ ಸಾಲಿನಲ್ಲಿ ಗುಲಾಬಿ ಕುಂಡವೊಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

"ಅದ್ಯಾಕೆ? ಅದಕ್ಕೆ ಗೊಬ್ಬರ, ಔಷಧಿ, ಕತ್ತರಿ, ದಿನಾ ಸೇವೆ. ಮಾಡೋರು ಯಾರು?" ಅಂದೆ.

"ಸುಮ್ನೆ ನೋಡ್ದೆ ಕಣೇ" ಅಂದರು. ಕುಂಡವನ್ನು ಬಿಸಿಲಿಗೆ ತಿರುಗಿಸಿ, "ಅವಳು ಎಲೆ ತೊಳೀತಿದ್ಲು, ನೆನಪಿದ್ಯಾ?" ಅಂದರು.

ನೆನಪಿಲ್ಲದೆ ಏನು! ಗುಲಾಬಿಯ ಎಲೆಗೆ ಹೇನು ಹತ್ತಿತೆಂದು ನೀನು ಸೋಪಿನ ನೀರಿನಲ್ಲಿ ಒಂದೊಂದೇ ಎಲೆ ಒರೆಸುತ್ತಿದ್ದೆ, ಶಾಲೆಗೆ ಹೊರಟ ಮಕ್ಕಳ ಮುಖ ತೊಳೆಸುವ ಹಾಗೆ. ಆ ಹಳೆಯ ಮಹಡಿ ಮನೆಗೆ ನೀರು ಬರುತ್ತಿದ್ದುದು ಬೆಳಿಗ್ಗೆ ಮಾತ್ರ. ನಾನು ಪಾತ್ರೆಗೆ ಬೇಕೆಂದರೆ ನೀನು ತಾರಸಿಯ ಕುಂಡಗಳಿಗೆ ಬೇಕೆನ್ನುತ್ತಿದ್ದೆ. ಪೈಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ನಿನ್ನ ಕೈಯಲ್ಲಿ. ಕೊನೆಗೆ ಇಬ್ಬರೂ ತೊಯ್ದು ತೊಪ್ಪೆಯಾಗಿ, ತಣ್ಣಗಾದ ಟೀ ಕುಡಿಯುತ್ತಾ ನೀರಿನ ಟ್ಯಾಂಕಿಗೆ ಒರಗಿ ಕೂರುತ್ತಿದ್ದೆವು. ಆ ಹೊತ್ತಿನಲ್ಲಿ ನೀನು ನಿನ್ನ ಆಫೀಸಿನ ಮ್ಯಾನೇಜರನ್ನು ಅಣಕಿಸುತ್ತಿದ್ದ ಪರಿಗೆ ಒಂದು ದಿನ ನನ್ನ ಹಲ್ಲುಸೆಟ್ಟೇ ಬಿದ್ದುಹೋಗಿತ್ತು. ಈಗ ಬೆಳಿಗ್ಗೆ ಟೀ ಬಿಸಿಯಾಗಿಯೇ ಇರುತ್ತದೆ. ಅದೇಕೋ ರುಚಿಸುವುದಿಲ್ಲ.

ಇವರು ಗುಲಾಬಿಯನ್ನು ವಾಪಸು ಇಟ್ಟರು. ಕುಂಡದ ಅಂಚಿಗೆ ಮೆತ್ತಿದ್ದ ಮಣ್ಣನ್ನು ಹೆಬ್ಬೆರಳಿನಲ್ಲಿ ಒರೆಸಿ ಬಂದರು. ನಾನು ನೋಡದವಳ ಹಾಗೆ ದುಡ್ಡು ಕೊಟ್ಟೆ.

ನೆಟ್ಟಿದ್ದಾಯಿತು. ದಾಸವಾಳಗಳ ನಡುವೆ ಅಷ್ಟೊಂದು ಜಾಗ ಬಿಟ್ಟಿದ್ದೇಕೆಂದು ಕೇಳಿದರೆ, "ಬೆಳೆಯೋ ಮಕ್ಳ ಬಟ್ಟೆ ಸ್ವಲ್ಪ ಸಡಿಲ ಇರ್ಬೇಕು. ಇಲ್ಲಿ ತಪ್ಪಿದ್ರೆ ಬಿಚ್ಚಿ ಹೊಲಿಯೋಕಾಗಲ್ಲ" ಅನ್ನುತ್ತಾರೆ. ನೆಲ ಒಣಗದಿರಲೆಂದು ಒಣ ಎಲೆ ಹಾಸಿದ್ದೇವೆ. ಗಿಡಗಳು ಬೇರು ಬಿಡುವತನಕ ಮಾತ್ರ ನೀರು ಬೇಕು, ಆಮೇಲೆ ಅವುಗಳ ಪಾಡಿಗೆ ಅವು. ದೇವಕಣಗಿಲೆ ಗೋಡೆಗೆ ಹತ್ತಿರವಾಯಿತೇನೋ ಎಂಬ ಅನುಮಾನ ನನಗಿದೆ. ನೀನು ನೋಡಿದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದೆ.

ಆರೋಗ್ಯ ನೋಡಿಕೋ. ಕೆಲಸದಲ್ಲಿ ಮೇಲೆ ಬಾ, ಮನಸ್ಸಿಗೆ ಹಿಡಿಸಿದವರು ಸಿಕ್ಕರೆ ಹಿಂದೆ ಮುಂದೆ ನೋಡಬೇಡ. ನೀನು ಎಲ್ಲಿದ್ದರೂ ನಗುತ್ತಾ ಇರು. ಮಾವನೂ ಇದನ್ನೇ ಬರೆಯಲು ಹೇಳಿದರು.

ಇಂತಿ ನಿನ್ನ,
ಅತ್ತೆ

ಮರೆತ ಮಾತು: ಮರೆತದ್ದಲ್ಲ, ಇವತ್ತು, ಸೋಮವಾರ, ತಿಳಿದದ್ದು. ಕಾಗದ ಅಂಚೆಗೆ ಹಾಕುವ ಮೊದಲು ಮಂಡಿ ತೋರಿಸಲು ಆಸ್ಪತ್ರೆಗೆ ಹೋಗಿದ್ದೆ. ವಾರ್ಡಿನ ನರ್ಸ್ ನನ್ನ ಗುರುತು ಹಿಡಿದು, "ಆಪರೇಷನ್ ಆದ ಸಂಜೆ ನಿಮ್ಮನ್ನ ನೋಡೋಕೆ ಒಬ್ರು ಬಂದಿದ್ರು. ವಾಚು ಮುಂಗೈ ಒಳಗಡೆಗೆ ಕಟ್ಟಿದ್ರು" ಅಂದಳು. ನೀನೇ. ಹಾಗೆ ಕಟ್ಟುವವರು ಬೇರೆ ಯಾರಿದ್ದಾರೆ? ಯಾರು ತಿಳಿಸಿದರೋ ನಿನಗೆ.

"ಸಂಬಂಧಿಕರನ್ನ ಮಾತ್ರ ಒಳಗೆ ಬಿಡೋದು. ನೀವು ಅವರಿಗೆ ಏನಾಗ್ಬೇಕು ಅಂತ ಕೇಳ್ದೆ. ಬಾಯಿ ತೆಗೆದ್ರು, ಸುಮ್ನಾದ್ರು. ಆಮೇಲೆ, ಪರಿಚಯದವಳು ಅಂದ್ರು. ಬಾಗಿಲ ಗಾಜಿನಲ್ಲಿ ಸ್ವಲ್ಪ ಹೊತ್ತು ನೋಡಿ ಹೊರಟುಹೋದ್ರು" ಅಂದಳು.

ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ನಿನ್ನ ಮಾವ ಮಂಡಿ ನೋವೆಂದುಕೊಂಡು ನೀರು ತರಲು ಓಡಿದರು.

ಇನ್ನೊಮ್ಮೆ ಯಾರಾದರೂ ಕೇಳಿದರೆ ಸೊಸೆ ಅನ್ನು. ಸುಳ್ಳು ಹೇಳಿದ ಹಾಗಾಗುವುದಿಲ್ಲ. ಬಿಟ್ಟವನು ಅವನು. ನಾನು ಬಿಟ್ಟಿಲ್ಲ.