ನಾವು ಕಾಣದ ಐಸಿಯು

ಮಾರ್ಚ್ ೪, ಬೆಳಿಗ್ಗೆ

ಮಾವನಿಗೆ ಗಂಜಿ ಕುಡಿಸಿದೆ. ಹರ್ನಿಯಾ ಆಪರೇಷನ್ ಗಾಯ ಒಣಗುತ್ತಿದೆ. ಇವತ್ತು ಡಿಸ್ಚಾರ್ಜ್. ಹೊಸಹೊಳಲಿನ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳಬೇಕು… ಮೈಯೆಲ್ಲ ಫಿನಾಯಿಲ್ ವಾಸನೆ.

ಸಂಜೆ

ಬಿಲ್ ಬಂತು. ಮೊದಲು ಹೇಳಿದ ಪ್ಯಾಕೇಜಿನ ಎರಡರಷ್ಟು. ವಿವರ ಕೇಳಿದೆ. ಸತಾಯಿಸಿ ಕೊಟ್ಟರು. ಅದರಲ್ಲಿ ಐಸಿಯು ಎಂದಿದೆ. ಮಾವ ಇದ್ದದ್ದು ಜನರಲ್ ವಾರ್ಡಿನಲ್ಲಿ— ಅವರ ಮಂಚದ ಪಕ್ಕ ಚಾಪೆ ಹಾಸಿ ಮಲಗಿದವಳು ನಾನು.

ಕೌಂಟರಿನ ಹುಡುಗಿ, "ಸಿಸ್ಟಮ್ಮಲ್ಲಿ ಅಂಗೇ ಐತಕ್ಕ. ಕಟ್ಬುಟ್ಟು ಕರ್ಕೊಂಡೋಗಿ" ಎಂದಳು.

ನನ್ನ ಗಂಡ ನಾಗರಾಜು ಆಗಲೇ ಯಾರಿಗೋ ಸಾಲಕ್ಕೆ ಫೋನ್ ಹಚ್ಚಿದ್ದರು. ತಡೆದೆ. ನೀರಿನ ಫಿಲ್ಟರ್ ಹಿಂದೆ ರೋಗಿಗಳ ಹಕ್ಕುಗಳ ಬೋರ್ಡ್ ಇತ್ತು, ಬಗ್ಗಿ ಓದಿದೆ. ಬಿಲ್ ಬಾಕಿ ಎಂದು ರೋಗಿಯನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ದಾಖಲೆ ಕೇಳಿದರೆ ಕೊಡಬೇಕು. ಅದನ್ನೇ ಹೇಳಿದೆ. ಪ್ಯಾಕೇಜಿನಷ್ಟು ಕಟ್ಟಿ, ಉಳಿದದ್ದಕ್ಕೆ ತಕರಾರು ಎಂದು ಬರೆದು, ನರ್ಸ್ ಚಾರ್ಟಿನ ನಕಲು ಹಿಡಿದು ಹೊರಬಂದೆವು.

ಆಟೋದಲ್ಲಿ ಮಾವ, "ಜೀವ ಉಳಿಸ್ದೋರ್ತಾವ ಜಗ್ಳ ಆಡ್ಬುಟ್ಟಲ್ಲವ್ವ" ಎಂದರು.

ಮಾರ್ಚ್ ೧೯

ಮಂಡ್ಯಕ್ಕೆ ಹೋಗಿ, ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ಕೇಳುವ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಟ್ಟೆ. ಹೊಲಿಗೆಗೆ ಕೂತರೆ ದಾರ ಕಿತ್ತು ಕಿತ್ತು ಬರುತ್ತಿದೆ.

ಏಪ್ರಿಲ್ ೨೬

ವಿಚಾರಣೆ. ಆಪರೇಷನ್ ಮಾಡಿದ ಡಾಕ್ಟರೇ ಬಂದಿದ್ದರು. ಚಾರ್ಟಿನಲ್ಲಿ ಎಲ್ಲ ಕಡೆ ಜನರಲ್ ವಾರ್ಡ್ ಎಂದೇ ಇದೆ. ಅಧಿಕಾರಿಗಳು ಬಿಲ್ಲಿನಿಂದ ಐಸಿಯು ತೆಗೆಸಿದರು. ಬಾಕಿ ಇಲ್ಲ. ಡಾಕ್ಟರು ಟೈಪಿಂಗ್ ಮಿಸ್ಟೇಕ್ ಎಂದರು.

ಮೆಟ್ಟಿಲಲ್ಲಿ ಸಿಕ್ಕು, "ಆವತ್ತು ಸ್ವಲ್ಪ ತಡ ಆಗಿದ್ರೆ ನಿಮ್ಮ ಮಾವನ ಕರುಳು ಕೊಳೆತೋಗ್ತಿತ್ತು, ಗೊತ್ತಲ್ವಾ?" ಎಂದರು.

"ಗೊತ್ತು ಸಾರ್. ಅದುನ್ನ ಮರ್ತಿಲ್ಲ. ಇದೇ ಬ್ಯಾರೆ."

ಗೆದ್ದೆ ಅನಿಸಲಿಲ್ಲ. ಬಸ್ಸಿನಲ್ಲಿ ಕೂರಲೂ ಆಗಲಿಲ್ಲ, ಸೀಟಿದ್ದರೂ ನಿಂತೇ ಬಂದೆ.

ಜೂನ್ ೧೧, ಸಂಜೆ

ಮಾವನಿಗೆ ಮತ್ತೆ ವಾಂತಿ. ಹೊಟ್ಟೆ ಕಲ್ಲಿನಂತೆ ಗಟ್ಟಿ. ಮೈಸೂರಿನವರೆಗೆ ತಡೆಯುವ ಸ್ಥಿತಿಯಲ್ಲಿಲ್ಲ. ಪೇಟೆಯ ಅದೇ ಆಸ್ಪತ್ರೆ.

ನಾಗರಾಜು, "ಯಾವ ಮಕ ಇಟ್ಕೊಂಡು ಒಳಿಕ್ಕೋಗನ?" ಎಂದು ಗೇಟಿನಲ್ಲೇ ನಿಂತರು. ಮಾವ ನನ್ನ ಕೈ ಹಿಡಿದುಕೊಂಡು, "ನೀನೇ ಮಾತಾಡವ್ವ. ನಿಂಗೆ ಬತ್ತದೆ" ಎಂದರು.

ಕೌಂಟರಿನ ಹುಡುಗಿ ಗುರುತು ಹಿಡಿದಳು. ಎದ್ದು ಒಳಗೆ ಹೋದಳು. ಎಮರ್ಜೆನ್ಸಿಗೆ ಬಂದವರನ್ನು ವಾಪಸ್ ಕಳಿಸುವಂತಿಲ್ಲ— ಗೊತ್ತು. ಸ್ಟ್ರೆಚರ್ ಪಕ್ಕ ಕೂತು ಬರೆಯುತ್ತಿದ್ದೇನೆ, ಕೈಗೊಂದು ಕೆಲಸ ಇರಲಿ ಎಂದು.

ಬಾಗಿಲು ತೆರೆಯಿತು. ಅದೇ ಡಾಕ್ಟರು. ಗ್ಲೌಸ್ ಹಾಕಿಕೊಳ್ಳುತ್ತಲೇ ಬರುತ್ತಿದ್ದಾರೆ. "ಯಾವಾಗಿಂದ ನೋವು?" ನನ್ನನ್ನೇ ಕೇಳುತ್ತಿ—