ಕ್ಷೇಮ ಕೇಂದ್ರ ನುಂಗಿದ ಕಾಲುದಾರಿ

ಕ್ಯಾಂಪಸ್ಸಿನ ಹಿಂಬಾಗಿಲ ಎದುರುಮನೆ,
ಸೆಪ್ಟೆಂಬರ್ ಹದಿನಾಲ್ಕು, ಬೆಳಗಿನ ಹೊತ್ತು

ಪ್ರೀತಿಯ ಚಿನಕುರುಳಿ,

ಹೇಗಿದ್ದೀಯೇ? ನಿದ್ದೆ ಬರುತ್ತಿದೆಯಾ, ಊಟ ಸೇರುತ್ತಿದೆಯಾ? ಫೋನಿನಲ್ಲಿ ಕೇಳಿದರೆ ನಿಮ್ಮಮ್ಮ "ಪರವಾಗಿಲ್ಲಮ್ಮ, ಸುಧಾರಿಸ್ತಿದಾಳೆ" ಎನ್ನುತ್ತಾಳೆ. ಚಿಕ್ಕವಳಿದ್ದಾಗ ಕೈ ಮುರಿದುಕೊಂಡು ಬಂದ ದಿನವೂ ಅವಳು "ಪರವಾಗಿಲ್ಲಮ್ಮ" ಅಂದವಳೇ, ಹಾಗಾಗಿ ಆ ಮಾತಿನ ಮೇಲೆ ನನಗೆ ನಂಬಿಕೆಯಿಲ್ಲ. ನೀನೇ ಎರಡು ಸಾಲು ಬರೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಬಾಯಿಗೆ ಮಾತ್ರ ಏನೂ ಆಗಿಲ್ಲ, ಅದು ನಿನಗೆ ಗೊತ್ತಿರುವುದೇ.

ನೀನು ಓದು ಅರ್ಧಕ್ಕೇ ಬಿಟ್ಟು ಮನೆ ಸೇರಿದ ಮೇಲೆ ವಿಶ್ವವಿದ್ಯಾಲಯದವರು ನಿಮ್ಮಮ್ಮನಿಗೆ ಬರೆದದ್ದನ್ನು ಅವಳು ನನಗೆ ಓದಿ ಹೇಳಿದಳು. "ನಿಮ್ಮ ಮಗಳು ಲಭ್ಯವಿದ್ದ ಕ್ಷೇಮ ಸೌಲಭ್ಯಗಳನ್ನು ಬಳಸಿಕೊಳ್ಳಲಿಲ್ಲ" ಅಂತೆ! ನೀನು ಅದನ್ನೇ ನಂಬಿಕೊಂಡು, ನನಗೇ ಗಟ್ಟಿತನವಿಲ್ಲ, ಓದು ನನ್ನಂಥವಳಿಗಲ್ಲ ಎಂದು ಅಮ್ಮನ ಹತ್ತಿರ ಹೇಳುತ್ತಿದ್ದೀಯಂತೆ. ಮಗೂ, ಇತಿಹಾಸ ಪಾಠ ಹೇಳಿ ತಲೆ ನರೆತವಳು ನಾನು. ಯಾರು ಯಾವಾಗ ಏನು ಮಾಡಿದರು ಎಂಬುದನ್ನು ಮೊದಲು ಸರಿಯಾಗಿ ಇಟ್ಟುಕೊಳ್ಳೋಣ. ತಪ್ಪು ನಡೆದದ್ದು ಕಳೆದ ಡಿಸೆಂಬರಿನಲ್ಲಿ, ನೀವೆಲ್ಲ ರಜೆಗೆ ಮನೆಗೆ ಹೋಗಿದ್ದಾಗ. ಹಾಸ್ಟೆಲ್ಲಿನಿಂದ ಮರಗಳ ನಡುವೆ ತರಗತಿಗಳಿಗೂ ಲೈಬ್ರರಿಗೂ ನಮ್ಮ ಹಿಂಬಾಗಿಲಿಗೂ ಹೋಗುತ್ತಿದ್ದ ಕಾಲುದಾರಿಗೆ ತಗಡಿನ ಬೇಲಿ ಹಾಕಿದರು. ಮರ ಕಡಿದರು. ದಾರಿಯ ನಟ್ಟನಡುವೆ ವಿದ್ಯಾರ್ಥಿ ಕ್ಷೇಮ ಕೇಂದ್ರ ಕಟ್ಟಲು ಶುರುಮಾಡಿದರು, ಅದರ ಮುಂದೆ ಕಾರು ನಿಲ್ಲಿಸಲು ಅಷ್ಟಗಲ ಜಾಗ. ನೀವು ವಾಪಸ್ಸು ಬರುವ ಹೊತ್ತಿಗೆ ದಾರಿ ಎಂಬುದೇ ಇರಲಿಲ್ಲ.

ಆ ದಾರಿಯನ್ನು ಯಾವ ಎಂಜಿನಿಯರೂ ಹಾಕಿದ್ದಲ್ಲ. ನಾನು ಇಲ್ಲಿ ಓದಲು ಬಂದ ವರ್ಷ ಅಲ್ಲೆಲ್ಲ ಕುರುಚಲು ಗಿಡ. ಸಿಮೆಂಟಿನ ಸುತ್ತು ರಸ್ತೆ ಬಿಟ್ಟು ನಾವು ಹುಡುಗಿಯರು ನೆರಳು ಹುಡುಕಿಕೊಂಡು ಓರೆಯಾಗಿ ನಡೆದೂ ನಡೆದೂ ಹುಲ್ಲು ಸವೆಯಿತು. ಆಗಿನ ಕುಲಸಚಿವರು ಒಂದು ದಿನ ಬಂದು ನೋಡಿ, ಗದರಿಸುತ್ತಾರೇನೋ ಎಂದು ನಾವು ಹೆದರಿದ್ದರೆ, "ಇವರು ನಡೆದಲ್ಲೇ ಕಲ್ಲು ಹಾಸಿ" ಎಂದು ಹೇಳಿ ಹೋದರು. ಆಮೇಲೆ ನಾನು ಮೇಡಂ ಆದೆ. ಆ ಹೊತ್ತಿಗೆ ಇಲ್ಲಿ ಒಂದು ಪದ್ಧತಿ ಬೆಳೆದಿತ್ತು: ಕೊನೆಯ ತರಗತಿ ಮುಗಿದ ಮೇಲೆ ಮೇಷ್ಟ್ರುಗಳು ಆ ದಾರಿಯಲ್ಲೇ ಮನೆಗೆ ಹೋಗಬೇಕು, ಯಾರು ಬೇಕಾದರೂ ಜೊತೆಗೆ ಹೆಜ್ಜೆ ಹಾಕಬಹುದು. ತರಗತಿಯಲ್ಲಿ ಬಾಯಿ ಬಿಡದವರೆಲ್ಲ ಅಲ್ಲಿ ಬಾಯಿ ಬಿಡುತ್ತಿದ್ದರು. ಪಕ್ಕಪಕ್ಕ ನಡೆಯುವಾಗ ಮುಖ ನೋಡಬೇಕಾಗಿಲ್ಲವಲ್ಲ! ಎಲ್ಲರೂ ಸೊನ್ನೆ ಮೇಷ್ಟ್ರು ಎಂದು ಕರೆಯುತ್ತಿದ್ದ ಗಣಿತದ ಮೇಷ್ಟ್ರು ಛತ್ರಿಯ ತುದಿಯಿಂದ ಮಣ್ಣಿನಲ್ಲಿ ಲೆಕ್ಕ ಬಿಡಿಸುತ್ತಿದ್ದರು, ಹಿಂದಿನಿಂದ ಸೈಕಲ್ಲಿನವರು "ಸಾರ್, ಉತ್ತರ ತುಳೀಲಾ?" ಎಂದು ಕೂಗುತ್ತಿದ್ದರು. ನನ್ನ ಹತ್ತಿರ ಶಾಸನದ ಬಗ್ಗೆ ಕೇಳಲು ಬಂದವರು ಲೈಬ್ರರಿ ದಾಟುವಷ್ಟರಲ್ಲಿ "ಮೇಡಂ, ಮನೆ ನೆನಪಾಗತ್ತೆ" ಎನ್ನುತ್ತಿದ್ದರು. ಅದಕ್ಕೆ ನಾನು ಔಷಧಿಯನ್ನೇನೂ ಕೊಡುತ್ತಿರಲಿಲ್ಲ. ನಮ್ಮ ಗೇಟಿನ ತನಕ ಬಂದರೆ ಟೀ ಕೊಡುತ್ತಿದ್ದೆ, ಅಷ್ಟೆ.

ನೀನೂ ಮೊದಲ ವರ್ಷ ಹಾಗೇ ಅಲ್ಲವೇನೇ ಬರುತ್ತಿದ್ದದ್ದು? ಒಂದು ದಿನ ಒಬ್ಬಳನ್ನು ಕರೆತಂದರೆ ಮಾರನೇ ದಿನ ನಾಲ್ವರು. ನನ್ನ ಬಿಸ್ಕತ್ತಿನ ಡಬ್ಬಿಗೆ ಉಸಿರಾಡಲು ಬಿಡುತ್ತಿರಲಿಲ್ಲ ನಿಮ್ಮ ದಂಡು. ಈಗ ಹಾಸ್ಟೆಲ್ಲಿನಿಂದ ಹೊರಟರೆ ಲಾರಿ ಓಡುವ ರಸ್ತೆ ಸುತ್ತಿ ಬರಬೇಕು, ನಡೆಯಲು ಅಂಚೂ ಇಲ್ಲ, ಹಾಗಾಗಿ ಎಲ್ಲರೂ ಕ್ಯಾಂಪಸ್ ಬಸ್ಸು. ಅದೂ ಸಂಜೆಯಾದರೆ ಬಂದ್, ಆಮೇಲೆ ರೂಮೇ ಗತಿ. ನಿನ್ನ ರೂಮ್‌ಮೇಟ್ ಮೊನ್ನೆ ಬಂದಿದ್ದಳು. "ಬಸ್ಸಲ್ಲಿ ಎಲ್ಲರ ತಲೇನೂ ಫೋನೊಳಗೇ ಅಜ್ಜಿ. ಇವಳು ಮೂಲೇಲಿ ಕೂತು ಅಳ್ತಿದ್ರೂ ನಮಗೆ ಗೊತ್ತಾಗ್ಲಿಲ್ಲ" ಎಂದು ಅವಳೇ ಅತ್ತಳು. ದಾರಿ ಮುಚ್ಚಿದ್ದೊಂದರಿಂದಲೇ ನಿನಗೆ ಹೀಗಾಯಿತು ಎಂದು ನಾನು ಹೇಳುವುದಿಲ್ಲ, ಅಷ್ಟು ದಡ್ಡಿಯಲ್ಲ ನಾನು. ಮನಸ್ಸು ಕುಗ್ಗುವುದಕ್ಕೆ ನೂರು ಕಾರಣ. ಆದರೆ ಕುಗ್ಗಿದವಳನ್ನು ಯಾರಾದರೂ ಗಮನಿಸುವ ಜಾಗ ಅದೊಂದಿತ್ತು, ಅದನ್ನು ತೆಗೆದರು.

ಜೂನಿನಲ್ಲಿ ಬಾಗಿಲು ತೆರೆದ ಆ ಕ್ಷೇಮ ಕೇಂದ್ರಕ್ಕೆ ನೀನು ಹೋಗಲಿಲ್ಲವೆಂಬುದು ಶುದ್ಧ ಸುಳ್ಳು. ಅಲ್ಲಿನ ಆಪ್ತಸಲಹೆಗಾರ "ದಿನಾ ಅರ್ಧ ಗಂಟೆ ನಡೀಬೇಕಮ್ಮ" ಎಂದದ್ದು, ನೀನು "ಎಲ್ಲಿ ಸಾರ್?" ಎಂದದ್ದು, ಆತ ಮಹಡಿಯ ಮೇಲಿನ ಟ್ರೆಡ್‌ಮಿಲ್ ಕಡೆ ಬೆರಳು ತೋರಿಸಿದ್ದು, ಎಲ್ಲ ನೀನೇ ನನಗೆ ಹೇಳಿ ನಕ್ಕಿದ್ದೆ. ಆಮೇಲೆ ನೀನು ನಕ್ಕದ್ದನ್ನು ನಾನು ಕಾಣೆ.

ಕೋಪ ತಡೆಯದೆ ನಾನು ಕ್ಷೇಮಾಧಿಕಾರಿಯ ಕೊಠಡಿಗೇ ಹೋದೆ. ನನ್ನ ವಿದ್ಯಾರ್ಥಿಯೇ ಆತ. ಕುರ್ಚಿ ಕೊಟ್ಟ, ಕಾಫಿ ತರಿಸಿದ, ಮರ್ಯಾದೆಗೇನೂ ಕಡಿಮೆಯಿಲ್ಲ. "ಮೇಡಂ, ನಿಮ್ಮ ಕಾಲ ಬೇರೆ. ಈಗಿನವರು ಬಿಸಿಲಲ್ಲಿ ಎಲ್ಲಿ ನಡೀತಾರೆ?" ಅಂದ. ನೆರಳಿತ್ತಲ್ಲಪ್ಪ, ಅದನ್ನು ಕಡಿಸಿದವರು ಯಾರು ಅಂದೆ. "ಸರ್ವೇ ಮಾಡಿಯೇ ಮಾಡಿದ್ದು" ಎಂದು ಕಂಪ್ಯೂಟರ್ ತಿರುಗಿಸಿ ತೋರಿಸಿದ. ನಿಮಗೆಲ್ಲ ಫೋನಿನಲ್ಲಿ ಬಂದಿತ್ತಂತೆ, "ನಡಿಗೆಯಲ್ಲಿ ದಿನಕ್ಕೆ ಎಷ್ಟು ಸಮಯ ವ್ಯರ್ಥವಾಗುತ್ತದೆ?" ಎಂಬ ಪ್ರಶ್ನೆ. ನೀವು ಪಾಪ, ನಡೆಯುವ ಸಮಯವನ್ನು ಪ್ರಾಮಾಣಿಕವಾಗಿ ಒತ್ತಿ ಕಳಿಸಿದಿರಿ. ಇವರು ಅದನ್ನೆಲ್ಲ ಕೂಡಿ ವಿದ್ಯಾರ್ಥಿಗಳಿಗೆ ದಾರಿ ಬೇಡವೆಂದು ತೀರ್ಮಾನಿಸಿದರು. ದಾರಿ ಮುಚ್ಚಬಹುದೇ ಎಂದು ಕೇಳಿದ್ದೀರಾ ಎಂದರೆ ಆತ ಕಾಫಿ ಆರುತ್ತದೆ ಎಂದ. ಅದೇ ದಾರಿಯಲ್ಲಿ ಪರೀಕ್ಷೆಯ ಹಿಂದಿನ ಸಂಜೆ "ಮೇಡಂ, ಫೇಲಾದ್ರೆ ಅಪ್ಪ ಮನೆಗೆ ಸೇರಿಸಲ್ಲ" ಎಂದು ನನ್ನ ಜೊತೆ ನಡೆದವನು! ನೆನಪಿದೆಯೇನೋ ಎಂದು ಕೇಳಿದೆ. ತಲೆ ತಗ್ಗಿಸಿ ಕಂಪ್ಯೂಟರನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಕಾಫಿ ಮುಟ್ಟದೆ ಎದ್ದು ಬಂದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪನ ಜೊತೆ ಬೆಳಿಗ್ಗೆ ಒಂದು ಸುತ್ತು ಹೋಗಿ ಬಾ, ಅವನಿಗೂ ಹೊಟ್ಟೆ ಬಂದಿದೆ. ಮನೆಯವರಿಗೆಲ್ಲ ನನ್ನ ಆಶೀರ್ವಾದ, ನಿನಗೆ ಒಂದು ಹಿಡಿ ಜಾಸ್ತಿ.

ನಿನ್ನ,
ಅಜ್ಜಿ

ತಾ.ಕ.: ಅಂಚೆಗೆ ಹಾಕಲು ಹೊರಟವಳು ಮತ್ತೆ ಕೂತು ಬರೆಯುತ್ತಿದ್ದೇನೆ. ಬರುವ ತಿಂಗಳ ಮೊದಲ ಶನಿವಾರ ದೊಡ್ಡ ಸಭಾಂಗಣದಲ್ಲಿ ಕುಲಪತಿಗಳ ಬಹಿರಂಗ ಸಭೆ. ನಿವೃತ್ತರು ಕೂರಬಹುದು, ಕೇಳುವಂತಿಲ್ಲ. ಕೇಳುವ ಹಕ್ಕು ವಿದ್ಯಾರ್ಥಿಗಳಿಗೆ ಮಾತ್ರ. ವಿಚಾರಿಸಿದೆ, ವಿದ್ಯಾರ್ಥಿಗಳ ಪಟ್ಟಿಯಿಂದ ನಿನ್ನ ಹೆಸರನ್ನು ಇನ್ನೂ ತೆಗೆದಿಲ್ಲ. ಬರಲೇಬೇಕೆಂದು ಹಟವಿಲ್ಲ ಮಗೂ, ಮನಸ್ಸಾದರೆ ಬಾ, ಪಕ್ಕದ ಕುರ್ಚಿಯಲ್ಲಿ ನಾನಿರುತ್ತೇನೆ. ಆಗದಿದ್ದರೆ ಕೆಳಗಿನ ಪ್ರಶ್ನೆಯನ್ನು ಬರೆದು ಸಹಿ ಹಾಕಿ ಕಳಿಸು, ನಿನ್ನ ರೂಮ್‌ಮೇಟ್ ಎದ್ದು ಓದುತ್ತಾಳಂತೆ. ಪ್ರಶ್ನೆ ಇಷ್ಟೇ: ನಮ್ಮ ದಾರಿಯನ್ನು ಯಾರನ್ನು ಕೇಳಿ ಮುಚ್ಚಿದಿರಿ, ಯಾವಾಗ ಬಿಟ್ಟುಕೊಡುತ್ತೀರಿ? ಪರಿಶೀಲಿಸುತ್ತೇವೆ ಎಂಬ ಕಾಗದ ನಮಗೆ ಬೇಡ. ಕುಲಪತಿಗಳು ಮೈಕಿನ ಮುಂದೆ ನಿಂತು, ನೀವೆಲ್ಲ ಕೇಳುವಂತೆ ಉತ್ತರ ಹೇಳಲಿ.